ಹಳೆಯದೆಂದು ನಾನು ಹೇಳಿದ ಗುರುತುಗಳು

ನರಸಿಂಹರಾಜಪುರದ ಬಸ್‌ಸ್ಟ್ಯಾಂಡಿನ ಹಿಂದಿನ ಸಾಲಿನಲ್ಲಿ ನನ್ನದೊಂದು ಸ್ಟಿಕ್ಕರ್ ಅಂಗಡಿ. ಗಾಡಿಗಳ ಗಾಜಿಗೆ ದೇವರ ಹೆಸರು, ಮಕ್ಕಳ ಹೆಸರು ಅಂಟಿಸಿಕೊಡುವುದು ಕೆಲಸ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಕಂಪ್ಯೂಟರ್ ಬರುವುದಿಲ್ಲ. ಅದು ನನ್ನ ತಮ್ಮನ ಪಾಲು. ಅವನು ಅಕ್ಷರ ಜೋಡಿಸಿ ಕಳಿಸಿದರೆ ಮೆಷಿನ್ನಿನ ಬ್ಲೇಡು ಹಾಳೆ ಕತ್ತರಿಸುತ್ತದೆ. ಬೇಡದ ಚೂರುಗಳನ್ನು ಸೂಜಿಯಿಂದ ಎಬ್ಬಿಸಿ ತೆಗೆಯುವುದು, ಗಾಜು ಒರೆಸಿ ಅಂಟಿಸುವುದು ನನ್ನ ಪಾಲು.

ಗಿರಾಕಿ ಇಲ್ಲದ ಹೊತ್ತಿನಲ್ಲಿ ಅವನು ಯಾವ ಭಾಷೆಗೂ ಸೇರದ ಗುರುತುಗಳನ್ನು ಬರೆಯುತ್ತಿದ್ದ. ನೋಡಿದರೆ ಮಂತ್ರದ ತಗಡಿನ ಮೇಲಿನ ಬರಹದ ಹಾಗೆ ಕಾಣುತ್ತಿದ್ದವು. ಅರ್ಥ ಏನೂ ಇರಲಿಲ್ಲ. ಒಂದೊಂದು ಕೀಲಿಗೆ ಒಂದೊಂದು ಗುರುತು ಕೂರಿಸಿ ಫಾಂಟ್ ಮಾಡುತ್ತಿದ್ದೇನೆ ಎಂದ. ಚೂಪು ತುದಿ ಇದ್ದರೆ ಮಳೆಗೆ ಅಲ್ಲಿಂದಲೇ ಸ್ಟಿಕ್ಕರ್ ಏಳುತ್ತದೆ ಎಂದು ನಾನು ಹೇಳಿದ್ದಕ್ಕೆ ಎಲ್ಲ ತುದಿಗಳನ್ನೂ ದುಂಡಗೆ ಮಾಡಿದ. ಸುತ್ತು ಪೂರ್ತಿ ಮುಚ್ಚಿಕೊಂಡರೆ ಒಳಗಿನ ಚೂರು ತೆಗೆದು ತೆಗೆದು ಕಣ್ಣು ಸೋಲುತ್ತದೆ ಎಂದಿದ್ದಕ್ಕೆ ಪ್ರತಿ ಸುತ್ತಿನಲ್ಲೂ ಸಣ್ಣ ಸಂದು ಬಿಟ್ಟ. ಒಂದೇ ಗುರುತನ್ನು ವಾರಗಟ್ಟಲೆ ತಿದ್ದುತ್ತಿದ್ದ. ಯಾವ ಎರಡನ್ನು ಪಕ್ಕದಲ್ಲಿಟ್ಟರೂ ಒಂದೇ ಕೈ ಬರೆದದ್ದು ಅನ್ನಿಸಬೇಕು ಅನ್ನುವುದು ಅವನ ಹಟ.

ಹೇಗೆ ಬರುತ್ತದೆ ನೋಡೋಣ ಎಂದು ಕತ್ತರಿಸಿದ ಒಂದನ್ನು ಅಂಗಡಿಯ ಗಾಜಿಗೆ ಅಂಟಿಸಿದ್ದೆವು. ಕೆರೆಕಟ್ಟೆ ಕಡೆಯ ಪಿಕಪ್ ಡ್ರೈವರ್ ಒಬ್ಬ ಅದೇನು ಎಂದು ಕೇಳಿದ. ಬೆಳಗಿನಿಂದ ನಿಂತೇ ಇದ್ದೆ, ಕಾಲು ಸೋತಿತ್ತು. ತಮ್ಮ ಸುಮ್ಮನೆ ಬರೆದದ್ದು ಎಂದರೆ ಇನ್ನೂ ಹತ್ತು ಪ್ರಶ್ನೆ ಕೇಳುತ್ತಾನೆ ಅನ್ನಿಸಿತು. ಹಳೇ ಓಲೆಗರಿಯಲ್ಲಿದ್ದದ್ದು ಎಂದುಬಿಟ್ಟೆ. ಸಂದು ಯಾಕೆ ಎಂದು ಕೇಳಿದ್ದಕ್ಕೆ, ಶಕ್ತಿ ಓಡಾಡುವುದಕ್ಕೆ ಎಂದೆ. ಅವನು ಚಪ್ಪಲಿ ಕಳಚಿ ನಿಂತು ಅಂಟಿಸಿಕೊಂಡು ಹೋದ.

ಆಮೇಲೆ ಶೃಂಗೇರಿಯಿಂದ, ಕೊಪ್ಪದಿಂದ ಗಾಡಿಗಳು ಬರತೊಡಗಿದವು. ಹೇಳುತ್ತ ಹೇಳುತ್ತ ಕಥೆಯೂ ಬೆಳೆಯಿತು. ಕಾಡಿನೊಳಗಿನ ಹಾಳು ಗುಡಿ ಸೇರಿಕೊಂಡಿತು, ಮುನ್ನೂರು ವರ್ಷ ಸೇರಿಕೊಂಡಿತು. ಅಂಗಡಿಗಳ ವಿಡಿಯೊ ಮಾಡುವ ಹುಡುಗನೊಬ್ಬ ಬಂದಾಗ ಅಷ್ಟನ್ನೂ ಅವನ ಫೋನಿಗೆ ಹೇಳಿದೆ. ಒಳಗೆ ಕೂತು ಕೇಳಿಸಿಕೊಂಡ ತಮ್ಮ, ಹುಡುಗ ಹೋದ ಮೇಲೆ ಬಾಗಿಲಿಗೆ ಬಂದು ನಕ್ಕ.

"ಎಂತ ಅಕ್ಕ, ನನ್ನನ್ನ ಮುನ್ನೂರು ವರ್ಷದ ಮುದುಕ ಮಾಡಿಬಿಟ್ಯಲ್ಲ. ಇನ್ನು ಹೆಣ್ಣು ಕೊಡೋರು ಯಾರು?"

ನಾನೂ ನಕ್ಕೆ.

ಅವನು ಆ ಫಾಂಟನ್ನು ಮೊಬೈಲ್ ಆಟ ತಯಾರಿಸುವ ಒಂದು ಕಂಪನಿಗೆ ಕಳಿಸಿದ್ದ. ಆಟದಲ್ಲಿ ಮಂತ್ರವಾದಿಗಳ ರಾಜ್ಯವೊಂದಿತ್ತಂತೆ, ಅದಕ್ಕೊಂದು ಲಿಪಿ ಬೇಕಿತ್ತಂತೆ. ಅವರು ಒಪ್ಪಿದರು. ಆಟ ಶುರುವಾಗುವಾಗ ಲಿಪಿ ಮಾಡಿದವನು ಎಂದು ಇವನ ಹೆಸರು ಬರುತ್ತದೆ ಎಂದರು. ತಾಲ್ಲೂಕಿನವರ ಹೆಸರನ್ನೆಲ್ಲ ಕತ್ತರಿಸಿ ಕೊಟ್ಟವನು ತನ್ನ ಹೆಸರು ಬೇರೆಯವರು ಬರೆಯುತ್ತಾರೆಂದು ಊಟ ಬಿಟ್ಟು ಕುಣಿದ. ಅಷ್ಟರಲ್ಲಿ ಅವರು ನನ್ನ ವಿಡಿಯೊ ನೋಡಿದರು. ಜನ ಪೂಜಿಸುವ ಹಳೇ ಲಿಪಿಯನ್ನು ಕದ್ದು ನನ್ನದು ಅನ್ನುತ್ತೀಯಾ ಎಂದು ಕೇಳಿದರಂತೆ. ಇವನು ಎಷ್ಟು ಹೇಳಿದರೂ ನಂಬಲಿಲ್ಲ. ನಿಮ್ಮಕ್ಕನೇ ಸುಳ್ಳು ಅಂತ ಹೇಳಲಿ, ಅದನ್ನೂ ವಿಡಿಯೊ ಮಾಡಿ ಕಳಿಸು ಎಂದರು.

ನಾನು ನಾಳೆ ಎಂದೆ. ನಾಳೆ ಬಂದಾಗ ಆಯುಧಪೂಜೆಯ ಕೆಲಸ ಮುಗಿಯಲಿ ಎಂದೆ. ಬೆಳಿಗ್ಗೆ ಗಾಡಿ ಹತ್ತುವ ಮುಂಚೆ ಆ ಸ್ಟಿಕ್ಕರ್ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವವರ ಮುಖ ಕಣ್ಣ ಮುಂದೆ ಬರುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಅವರು ನನ್ನ ಮುಖವನ್ನು ಹೇಗೆ ನೋಡಬಹುದು ಎಂಬುದು ಬರುತ್ತಿತ್ತು.

ಒಂದು ಮಧ್ಯಾಹ್ನ ತಮ್ಮ ಇನ್ನು ತಡೆಯಲಾಗದೆ ನನ್ನನ್ನು ಕೂರಿಸಿ ಫೋನನ್ನು ಟೇಬಲಿನ ಮೇಲೆ ಒರಗಿಸಿ ನಿಲ್ಲಿಸಿದ. ವಿಡಿಯೊ ಶುರು ಮಾಡಿ, ಹೇಳು ಎಂದು ತಲೆಯಾಡಿಸಿದ. ನಾನು ಸೆರಗು ಸರಿಮಾಡಿಕೊಂಡೆ. ಆಗಲೇ ಕೆರೆಕಟ್ಟೆಯ ಅದೇ ಡ್ರೈವರ್ ಹೆಂಡತಿಯನ್ನು ಕರೆದುಕೊಂಡು ಬಂದ. ಹೊಸ ಗಾಡಿ ತಂದಿದ್ದ, ಹಾರ ಹಾಕಿ ಹೊರಗೆ ನಿಲ್ಲಿಸಿದ್ದ.

"ಅಕ್ಕ, ಅದೇ ಗುರುತು ಇದಕ್ಕೂ ಹಾಕಿ. ಘಾಟಿಯಲ್ಲಿ ಬ್ರೇಕ್ ಹೋದ ದಿನ ನನ್ನ ಕಾಯ್ದದ್ದು ಅದೇ. ಇವಳು ನಿಮ್ಮ ಕೈಯಿಂದಲೇ ಆಗಬೇಕು ಅಂತಾಳೆ."

ತಮ್ಮ ನನ್ನನ್ನೇ ನೋಡುತ್ತಿದ್ದ. ಹೇಳುವುದಕ್ಕೆ ಒಂದೇ ಮಾತಿತ್ತು: ಇದು ಇವನು ಬರೆದದ್ದು. ನಾನು ಎದ್ದು ಕೈ ತೊಳೆದುಕೊಂಡು ಬಂದು, ಗುರುತು ಕತ್ತರಿಸು ಎಂದು ಅವನಿಗೇ ಹೇಳಿದೆ. ಅವನು ಫೋನು ತೆಗೆದು ಜೇಬಿಗಿಟ್ಟುಕೊಂಡು ಕತ್ತರಿಸಿಕೊಟ್ಟ.

ಅವರು ಹೋದ ಮೇಲೆ ಅವನು ಹೇಳಿದ್ದಿಷ್ಟೇ. "ಅವನ ಎದುರು ಬೇಡ ಬಿಡು ಅಕ್ಕ. ಈಗಾದ್ರೂ ಹೇಳ್ತೀಯಾ?"

ಸುಸ್ತಾಗಿದೆ ಎಂದೆ. ಸುಳ್ಳಲ್ಲ, ಸುಸ್ತಾಗಿತ್ತು. ಮಾರನೆಯ ದಿನ ಅವನು ಕೇಳಲಿಲ್ಲ, ನಾನೂ ಆ ಮಾತು ಎತ್ತಲಿಲ್ಲ. ಕಂಪನಿಯವರು ಬೇರೆ ಯಾರದೋ ಲಿಪಿ ತೆಗೆದುಕೊಂಡರಂತೆ.

ಈಗಲೂ ಅವನು ಅಂಗಡಿಗೆ ಹೊತ್ತಿಗೆ ಸರಿಯಾಗಿ ಬರುತ್ತಾನೆ, ಹೇಳಿದ ಹೆಸರು ಕತ್ತರಿಸುತ್ತಾನೆ, ಕೆಲಸವಿಲ್ಲದಾಗ ಬಾಗಿಲಲ್ಲಿ ನಿಂತು ಬಸ್ಸು ನೋಡುತ್ತಾನೆ. ಮೊನ್ನೆ ಕೊಪ್ಪದ ಕಡೆಯ ಹೆಂಗಸೊಬ್ಬಳು ಮಗುವಿನ ತೊಟ್ಟಿಲಿಗೆ ಬೇರೆಯದೇ ಗುರುತು ಬೇಕೆಂದಳು. ಅವಳು ಹೋದ ಮೇಲೆ, ಹೊಸದೊಂದು ಬರಿ ಮಾರಾಯ ಎಂದು ತಮ್ಮನನ್ನು ಕೇಳಿದೆ. ಎಷ್ಟೋ ತಿಂಗಳ ಮೇಲೆ ಅವನು ಬರೆಯುವುದನ್ನು ನೋಡಬೇಕು ಅನ್ನಿಸಿತ್ತು.

"ಹಳೇ ಕಾಲದ್ದಲ್ವಾ ಅಕ್ಕ," ಎಂದ ಅವನು. "ಹೊಸದು ಎಲ್ಲಿಂದ ಬರ್ತದೆ?"

ದನಿಯಲ್ಲಿ ಸಿಟ್ಟಿರಲಿಲ್ಲ. ಆ ಹೆಂಗಸು ಬಂದರೆ ಇದ್ದದ್ದರಲ್ಲೇ ಒಂದು ಆರಿಸಿಕೊಳ್ಳಲು ಹೇಳು ಎಂದು ಹೇಳಿ ಊಟಕ್ಕೆ ಹೋದ.