ಬುಟ್ಟಿ ಬೋರಲು ಇರುವವರೆಗೆ

ತೂತಿಗೆ ಮದ್ದು ತುಂಬಿ ಸುರಂಗ ಹಾರಿಸಿ ಕಲ್ಲು ಒಡೆದ ಮೇಲೆ ಬಾವಿ ಸುಮ್ಮನಾಗುತ್ತದಲ್ಲ, ಆ ಹೊತ್ತಿಗೆ ನಾನು ದಂಡೆಯಿಂದ ನಾಲ್ಕು ಹೆಜ್ಜೆ ಹಿಂದೆ ಸರಿಯುತ್ತೇನೆ. ಹೊಗೆ ಮೇಲೇರುತ್ತಿರುತ್ತದೆ. ಒಳಗೆ ಯಾವ ಕಲ್ಲು ಸಡಿಲಾಗಿದೆ ಎಂದು ಯಾರಿಗೂ ಕಾಣುವುದಿಲ್ಲ.

ಸಣ್ಣವನಿದ್ದಾಗಲೇ ಸಾಲೆ ಬಿಟ್ಟು ಹಾರೆ ಹಿಡಿದವನು ನಾನು. ನಿಪ್ಪಾಣಿಯಿಂದ ಕಾಗವಾಡದವರೆಗೆ ನಾನು ತೋಡಿದ ಬಾವಿಗಳ ನೀರಿನಲ್ಲಿ ಕಬ್ಬು ನಿಂತಿದೆ, ದ್ರಾಕ್ಷಿ ಹಬ್ಬಿದೆ. ಇದನ್ನು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ನಮ್ಮ ಗುಂಪಿನಲ್ಲಿ ಒಂದು ಕಟ್ಟಳೆ ಇದೆ. ಸುರಂಗ ಹಾರಿದ ಕೂಡಲೇ ದಂಡೆಯ ಮೇಲೆ ಒಂದು ಕಬ್ಬಿಣದ ಬುಟ್ಟಿಯನ್ನು ಬೋರಲು ಹಾಕುತ್ತೇವೆ. ಎಲ್ಲರೂ ಕೂತು ರೊಟ್ಟಿ ಉಣ್ಣಬೇಕು. ಉಂಡಾದ ಮೇಲೆ ನಾನೇ ಅದನ್ನು ಅಂಗಾತ ಮಾಡುತ್ತೇನೆ. ಅಲ್ಲಿಯವರೆಗೆ ಯಾರೂ ಇಳಿಯುವಂತಿಲ್ಲ.

ಭೋಜದ ಕಡೆ ರೈತರೊಬ್ಬರ ಬಾವಿ ತೋಡುತ್ತಿದ್ದಾಗ ಕಾಲೇಜಿನಲ್ಲಿ ಕಲ್ಲಿನ ಪಾಠ ಹೇಳುವ ಮೇಡಂ ಒಬ್ಬರು ನೋಡಲು ಬಂದಿದ್ದರು. ಆಗಷ್ಟೇ ಸುರಂಗ ಹಾರಿತ್ತು, ಬುಟ್ಟಿ ಬೋರಲಾಗಿತ್ತು. ಬಾವಿಯ ಗೋಡೆಯಲ್ಲಿ ಮೇಲೊಂದು, ಕೆಳಗೊಂದು ಕರಿಕಲ್ಲಿನ ಪದರ. ನಡುವೆ ಒಂದು ಕೆಂಪು ಪಟ್ಟಿ. ಮೇಡಂ ಬೆರಳು ತೋರಿಸಿ, "ಒಂದು ಸಲ ಕರಗಿದ ಕಲ್ಲಿನ ಬೆಂಕಿ ಹರಿದು ಆರಿದ ಮ್ಯಾಲೆ ಆದ ಮಣ್ಣದು. ಅದರ ಮ್ಯಾಲೆ ಮತ್ತ ಬೆಂಕಿ ಹರಿದೈತಿ" ಎಂದರು.

"ಬೆಂಕಿ ಯಾಕ ಬಂತ್ರಿ?" ನಮ್ಮ ಗುಂಪಿನಲ್ಲೇ ದುಡಿಯುವ ನನ್ನ ತಮ್ಮ ಕೇಳಿದ. "ಜಗಳ ಆಗಿತ್ತೇನು?"

ಮೇಡಂ ನಕ್ಕರು. "ಇಲ್ಲಿ ನೆಲ ಬಿರಿದು ಉಕ್ಕಿದ್ದಪ್ಪಾ. ನೀ ಹೇಳೋ ಹಂಗ ನೆಲ ನೆಲಕ್ಕ ಜಗಳ ಆಗಿದ್ದು ಹಿಮಾಲಯದ ಕಡೆ."

ತಮ್ಮ ಉಚ್ಚೆಗೆಂದು ಕಬ್ಬಿನ ಮರೆಗೆ ಹೋದ. ನಾನು ಬಾವಿಗೆ ಬೆನ್ನು ಮಾಡಿ ಕೇಳುತ್ತ ನಿಂತೆ. ಎರಡು ದೊಡ್ಡ ನೆಲಗಳು ಡಿಕ್ಕಿ ಹೊಡೆದಾಗ ನೆಲ ದಪ್ಪವಾಗುತ್ತದಂತೆ, ಕೆಳಗೆ ಭಾರವಾದ ಬೇರು ಇಳಿಯುತ್ತದಂತೆ. ಎಷ್ಟೋ ಲಕ್ಷ ವರ್ಷಗಳಾದ ಮೇಲೆ ಆ ಬೇರು ಕಳಚಿ ಕೆಳಗೆ ಮುಳುಗುತ್ತದೆ. ಅದು ಬಿಟ್ಟ ಜಾಗಕ್ಕೆ ಆಳದ ಬಿಸಿ ಏರಿ ಬರುತ್ತದೆ, ಕಲ್ಲು ಕರಗುತ್ತದೆ, ಮೇಲೆ ಉಕ್ಕುತ್ತದೆ. ಟಿಬೆಟ್‌ನಲ್ಲಿ ಅಂಥ ಕಲ್ಲು ಬೇಕಾದಷ್ಟಿದೆಯಂತೆ.

"ಅಂದ್ರ ಡಿಕ್ಕಿ ಹೊಡದಾಗ ಅಲ್ಲೇನ್ರಿ?"

"ಅಲ್ಲ. ಡಿಕ್ಕಿ ಹೊಡದು ಎಷ್ಟೋ ಕಾಲ ಆದ ಮ್ಯಾಲೆ."

ನಮ್ಮ ಸುರಂಗವೂ ಹಾಗೆಯೇ, ಹೊಡೆತ ಮೊದಲು, ಕುಸಿತ ಆಮೇಲೆ ಎಂದುಕೊಂಡೆ. ಬಾವಿಯ ಕಡೆ ತಿರುಗಿ ನೋಡಿದೆ. ಬುಟ್ಟಿ ಅಂಗಾತ ಬಿದ್ದಿತ್ತು.

ಬಾವಿಯಿಂದ ಕಲ್ಲು ಎತ್ತುವ ಕ್ರೇನ್ ನಡೆಸುವವನು ಕಟ್ಟಳೆ ಮರೆತು ಬುಟ್ಟಿಗೆ ಹತ್ತಿದ ಹಸಿ ಕೆಸರು ಕೆರೆಯಲು ಅದನ್ನು ತಿರುವಿದ್ದ. ಮರೆಯಿಂದ ಬಂದ ತಮ್ಮ ಅದನ್ನು ನೋಡಿ, ಮೇಡಂ ಬಂದದ್ದಕ್ಕೆ ಉಣ್ಣುವ ಮೊದಲೇ ಅಣ್ಣ ಹುಕುಂ ಕೊಟ್ಟಿದ್ದಾನೆಂದು ತಿಳಿದು ಕ್ರೇನಿನ ತೊಟ್ಟಿಯಲ್ಲಿ ಕೂತಿದ್ದ, ಅವನ ಮಾತು ನಂಬಿ ಕ್ರೇನಿನವನು ಇಳಿಸಿಬಿಟ್ಟಿದ್ದ.

ದಂಡೆಗೆ ಓಡಿದೆ. ಕೆಳಗೆ ಅವನ ತಲೆಯ ಕೆಂಪು ಟವೆಲ್ಲು ಕಂಡಿತು. ಅವನ ಮೇಲಿನ ಕೆಂಪು ಪಟ್ಟಿಯಿಂದ ಹಿಟ್ಟಿನಂಥ ಮಣ್ಣು ಸುರಿಯುತ್ತಿತ್ತು. ಸದ್ದೇ ಇಲ್ಲ. ಬಗ್ಗಿ ಕೂಗಿದೆ.

"ಲೇ ತಮ್ಮಾ! ತೊಟ್ಟಿ ಹಿಡಿ! ಹತ್ತಲೇ!"

"ಈಗ ಇಳದೀನಿ, ಮತ್ಯಾಕ ಒದರಾಕತ್ತೀದಿ?"

"ಹತ್ತಲೇ, ನಿನ್ನ ಕಾಲ ಬೀಳ್ತೀನಿ!"

ನಾನು ಹಾಗೆ ಅಂದದ್ದನ್ನು ಅವನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ತೊಟ್ಟಿಗೆ ಕಾಲಿಟ್ಟ. ಕ್ರೇನು ಎಳೆಯಿತು. ಅವನು ಕೆಂಪು ಪಟ್ಟಿ ದಾಟಿ ಮೇಲೆ ಬರುತ್ತಿದ್ದಂತೆ ಎದುರಿನ ಗೋಡೆ ಸೊಂಟ ಮುರಿದವರ ಹಾಗೆ ಕುಸಿಯಿತು. ಧೂಳು ಏರಿ ತೊಟ್ಟಿಯೇ ಕಾಣದಾಯಿತು. ಹಗ್ಗ ಬಿಗಿಯಾಗಿತ್ತು, ಅಷ್ಟೇ ಕಂಡದ್ದು. ಆಮೇಲೆ ಕೆಮ್ಮು ಕೇಳಿತು.

ದಂಡೆಗೆ ಬಂದ ತಮ್ಮ ನನ್ನ ಕೈ ಬಿಡಲಿಲ್ಲ. "ಬುಟ್ಟಿ ಅಂಗಾತ ಇತ್ತಲ್ಲೋ ಅಣ್ಣಾ" ಎಂದಷ್ಟೇ ಹೇಳಿದ. ಕ್ರೇನಿನವನು ಮುಖ ಮುಚ್ಚಿಕೊಂಡು ಅಲ್ಲೇ ಕೂತ.

ಮರುದಿನ ಬೆಳಿಗ್ಗೆ ದಂಡೆಯ ಕೆಳಗಿನ ಕಲ್ಲನ್ನು ಹಾರೆಯಿಂದ ಬಡಿದೆ. ಟಣ್ ಎಂದಿತು. ಗಟ್ಟಿ ಕಲ್ಲಿನ ಸದ್ದು. ಇಷ್ಟು ವರ್ಷ ಆ ಸದ್ದನ್ನು ನಂಬಿ ಇಳಿದವನು ನಾನು, ಆದರೆ ಸುರಂಗ ಹಾರಿ ಎಷ್ಟೋ ಹೊತ್ತಾದ ಮೇಲೆ ಗೋಡೆ ಕುಸಿದದ್ದನ್ನು ನೆನೆದು ಅಂದು ಹಾರೆ ಕೆಳಗಿಟ್ಟೆ. "ಯಾವಾಗ ಇಳೀತೀರಿ?" ಎಂದು ರೈತರು ಕೇಳಿದರು.

ತಮ್ಮ ಬುಟ್ಟಿಯನ್ನು ಬೋರಲು ಹಾಕಿ ಅದರ ಮೇಲೆ ಕೂತಿದ್ದ. ಏಳು ಎಂದು ನಾನೂ ಹೇಳಲಿಲ್ಲ.