ಗಿಡದ ಬಟ್ಟಲಲ್ಲಿ ನಿಂತ ನೀರು

ಅವಳ ಹೆಸರು ಕೊರಳಲ್ಲಿ ನೇತಾಡುವ ಗುರುತಿನ ಕಾರ್ಡಿನಲ್ಲಿ ಇತ್ತು, ಆದರೆ ಅದನ್ನು ಓದುವ ಗೋಜಿಗೆ ಯಾರೂ ಹೋಗಿರಲಿಲ್ಲ. ವಿಮಾ ಕಂಪನಿಯ ಆ ಕಚೇರಿಯ ಮೂರೂ ಮಹಡಿಯವರಿಗೆ ಅವಳು ಗಿಡದಕ್ಕ. ಗುತ್ತಿಗೆಯ ಕೆಲಸ. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು, ಒಂದು ಕೈಯಲ್ಲಿ ಉದ್ದ ಮೂತಿಯ ನೀರಿನ ಡಬ್ಬ, ಇನ್ನೊಂದರಲ್ಲಿ ಬಕೆಟ್ಟು ಹಿಡಿದು ಮೇಜಿನಿಂದ ಮೇಜಿಗೆ ಹೋಗುತ್ತಿದ್ದಳು. ನಲವತ್ತೆರಡು ಮೇಜು, ನಲವತ್ತೆರಡು ಕುಂಡ, ಎಲ್ಲದರಲ್ಲೂ ಒಂದೇ ಜಾತಿಯ ಗಿಡ: ಬ್ರೊಮಿಲಿಯಾಡ್.

ಅನಾನಸಿನ ದಾಯಾದಿ ಅದು. ಪಟ್ಟಿಯಂಥ ಎಲೆಗಳು ಸುತ್ತಲೂ ಬಾಗಿ, ಬುಡದ ಹತ್ತಿರ ಒಂದಕ್ಕೊಂದು ಒತ್ತಿಕೊಂಡು ನಡುವೆ ಬಟ್ಟಲಿನ ಹಾಗೆ ಆಗಿರುತ್ತವೆ. ನೀರು ಹಾಕುವುದು ಆ ಬಟ್ಟಲಿಗೆ. ಸೂಪರ್‌ವೈಸರ್ ಮೊದಲ ದಿನವೇ ಕಟ್ಟಪ್ಪಣೆ ಮಾಡಿದ್ದ.

"ಗಿಡ ಒಂದು ಗೇಣಿಗಿಂತ ಮೇಲೆ ಹೋಗ್ಬಾರ್ದು. ಮೇಜಿನ ಅಡ್ಡಗಾಜಿಗಿಂತ ಎತ್ತರ ಬಂದ್ರೆ ಸಾಹೇಬರ ಕಣ್ಣಿಗೆ ಚುಚ್ಚುತ್ತೆ."

"ಗಿಡಕ್ಕೆ ಗೇಣಿನ ಅಳತೆ ಗೊತ್ತಿರಲ್ಲ ಸಾರ್."

"ನಿಂಗೆ ಗೊತ್ತಲ್ಲ, ಸಾಕು."

ಹಾಗೆ ಅವಳು ಆ ಗಿಡವನ್ನು ಗಿಡ್ಡವಾಗಿ ಇಡುವುದನ್ನು ಕಲಿತಳು. ಒಂದೆರಡು ಗಿಡ ಸತ್ತೂ ಹೋದವು. ಕುಂಡ ಅಂಗೈಯಗಲ ಇದ್ದರೆ ಸಾಕು, ದೊಡ್ಡದಾದರೆ ಬೇರು ಕೊಳೆಯುತ್ತದೆ. ಗೊಬ್ಬರವನ್ನು ಬಾಟಲಿಯ ಮೇಲೆ ಬರೆದಿರುವುದರ ಕಾಲು ಭಾಗಕ್ಕೆ ಇಳಿಸಬೇಕು, ಇಲ್ಲದಿದ್ದರೆ ಎಲೆ ಸೊಕ್ಕಿ, ಕೆಂಪು ಹೋಗಿ ಬರೀ ಹಸಿರಾಗುತ್ತದೆ. ಬೆಳಕು ಕಡಿಮೆಯಾದರೂ ಕಷ್ಟ, ಎಲೆಗಳು ಕಿಟಕಿ ಹುಡುಕುತ್ತಾ ಉದ್ದುದ್ದ ಜೋತುಬೀಳುತ್ತವೆ. ಅದಕ್ಕೇ ಒಳಗಿನ ಮೇಜಿನ ಕುಂಡಗಳನ್ನು ಅವಳು ಸರದಿಯ ಮೇಲೆ ಕಿಟಕಿಯ ಪಕ್ಕಕ್ಕೆ ತರುತ್ತಿದ್ದಳು. ಒಂದು ಸಲ ಹೂ ಬಿಟ್ಟ ಮೇಲೆ ಗಿಡ ಮತ್ತೆ ಹೂ ಬಿಡುವುದಿಲ್ಲ. ಬುಡದಲ್ಲಿ ಮರಿಗಳನ್ನು ಕೊಟ್ಟು ನಿಧಾನವಾಗಿ ಒಣಗುತ್ತದೆ. ಮರಿ ತಾಯಿಯ ಅರ್ಧದಷ್ಟು ಬೆಳೆದಾಗ ಚೂಪು ಚಾಕುವಿನಿಂದ ಬಿಡಿಸಿ ಬೇರೆ ಕುಂಡಕ್ಕೆ ಹಾಕಬೇಕು. ಇವೆಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿತ್ತು. ನಾಲ್ಕೈದು ದಿನಕ್ಕೊಮ್ಮೆ ಕುಂಡವನ್ನು ಬೋರಲು ಹಿಡಿದು ಬಟ್ಟಲಿನ ಹಳೇ ನೀರು ಬಕೆಟ್ಟಿಗೆ ಚೆಲ್ಲಿ, ಹೊಸ ನೀರು ಹಾಕಬೇಕು.

ಕೆಳಗಿನ ಮಹಡಿಯ ಬಾಗಿಲ ಎದುರು ಕೂರುತ್ತಿದ್ದವಳು ಫೋನಮ್ಮ. ಕಂಪನಿಗೆ ಬರುವ ಕರೆಗಳನ್ನೆಲ್ಲ ಎತ್ತುವುದು, ಬೇಕಾದವರಿಗೆ ದಾಟಿಸುವುದು ಅವಳ ಕೆಲಸ. ಬೈಯುವವರಿಗೂ ಅಳುವವರಿಗೂ ಒಂದೇ ದನಿಯಲ್ಲಿ "ದಯವಿಟ್ಟು ಸ್ವಲ್ಪ ಲೈನಲ್ಲಿರಿ" ಅನ್ನುತ್ತಿದ್ದಳು. ಕರೆ ಇಲ್ಲದಾಗ ಮಾತ್ರ ನಿಜವಾದ ಬಾಯಿ ಬಿಚ್ಚುತ್ತಿದ್ದಳು.

"ಅಕ್ಕಾ, ನನ್ನನ್ನೂ ಹೀಗೇ ಗೇಣುದ್ದ ಇಡೋಕಾಗುತ್ತಾ ನೋಡಿ. ಕೂತು ಕೂತು ಅಡ್ಡಡ್ಡ ಬೆಳೀತಿದೀನಿ."

"ನಿಮ್ಗೆ ಗೊಬ್ಬರ ಹಾಕೋರು ಮನೇಲಿದಾರೆ. ನನ್ನ ಕೈಲಿ ಆಗಲ್ಲ ಬಿಡಿ."

ಫೋನಮ್ಮನ ಗಂಡ ಲೇತ್ ಯಂತ್ರದ ಕೆಲಸಗಾರ. ಅಡುಗೆ ಅವನದೇ. ಮಗಳಿಗೆ ಏಳು ವರ್ಷ. ಮನೆಯ ಸುದ್ದಿಯೆಲ್ಲ ಹೀಗೆ ಎರಡು ಕರೆಗಳ ನಡುವೆ ಚೂರು ಚೂರಾಗಿ ಗಿಡದಕ್ಕನ ಕಿವಿಗೆ ಬೀಳುತ್ತಿತ್ತು. ಗಿಡದಕ್ಕನಿಗೆ ಮನೆಯಲ್ಲಿ ಇದ್ದವಳು ಅಕ್ಕ ಒಬ್ಬಳೇ. ಮಾತಿಗೆ ಬರಗಾಲ. ಹಾಗಾಗಿ ಫೋನಮ್ಮನ ಮೇಜಿನ ಗಿಡಕ್ಕೆ ಐದು ನಿಮಿಷ ಹೆಚ್ಚೇ ಆರೈಕೆ ಸಿಗುತ್ತಿತ್ತು.

ಒಂದು ಸೋಮವಾರ ಸೂಪರ್‌ವೈಸರ್ ಅವಳನ್ನು ಕರೆದ. ಗುತ್ತಿಗೆದಾರ ಇನ್ನೂ ನಾಲ್ಕು ಕಟ್ಟಡ ಹಿಡಿದಿದ್ದ, ಜನ ಮಾತ್ರ ಅಷ್ಟೇ.

"ಇನ್ಮೇಲೆ ಇಲ್ಲಿಗೆ ಹದಿನೈದು ದಿನಕ್ಕೊಂದ್ಸಲ ಬಂದ್ರೆ ಸಾಕು."

"ಹದಿನೈದು ದಿನ ನೀರು ಚೆಲ್ಲದೆ ಬಿಟ್ರೆ ಹುಳ ಆಗುತ್ತೆ ಸಾರ್, ಸೊಳ್ಳೆ ಹುಳ."

"ಎಸಿ ಕಟ್ಟಡದಲ್ಲಿ ಎಲ್ಲಿಂದ ಬರುತ್ತಮ್ಮ ಸೊಳ್ಳೆ? ಬಟ್ಟಲು ತುಂಬ ನೀರು ಹಾಕಿ ಹೋಗು, ಒಣಗಲ್ಲ. ಆಗಲ್ಲ ಅಂದ್ರೆ ಹೇಳು, ಬೇರೆಯವರಿದಾರೆ."

ಅವಳು ಹೇಳಲಿಲ್ಲ. ಬಟ್ಟಲು ತುಂಬ ನೀರು ಹಾಕಿ ಹೋದಳು. ಮುಂದಿನ ಸಲ ಬಂದಾಗ ಮೂರು ಮಹಡಿಗೆ ಸಿಕ್ಕಿದ್ದು ಎರಡೇ ಗಂಟೆ. ಒಣ ಎಲೆ ಕತ್ತರಿಸಿ, ಮೇಲಿಂದ ನೀರು ತುಂಬಿಸಿ ಓಡಿದಳು. ಬೋರಲು ಹಾಕಲಿಲ್ಲ. ಅದರ ಮುಂದಿನ ಸಲವೂ ಅಷ್ಟೇ.

ನಾಲ್ಕನೆಯ ಸಲ ಬಂದಾಗ ಫೋನಮ್ಮನ ಕುರ್ಚಿಯಲ್ಲಿ ಬೇರೆ ಹುಡುಗಿ ಕೂತಿದ್ದಳು.

"ನಿಮ್ಗೆ ಗೊತ್ತಿಲ್ವಾ ಅಕ್ಕಾ? ಡೆಂಗಿ ಜ್ವರ ಬಂದಿತ್ತು. ಆರನೇ ದಿನಕ್ಕೆ ಹೋಗ್ಬಿಟ್ರು. ಮಣ್ಣು ಮಾಡಿ ವಾರ ಆಯ್ತು."

ಗಿಡದಕ್ಕ ಡಬ್ಬವನ್ನು ನೆಲಕ್ಕಿಟ್ಟಳು. ಅವಳಿಗೆ ಆಗ ಬರೀ ದುಃಖವಿತ್ತು, ಬೇರೇನೂ ಹೊಳೆದಿರಲಿಲ್ಲ. ಅದೇ ಹೊತ್ತಿಗೆ ಫೋನಮ್ಮನ ಗಂಡ ಹೆಂಡತಿಯ ಸಾಮಾನು ಒಯ್ಯಲು ಬಂದ. ಒಂದು ಜೊತೆ ಚಪ್ಪಲಿ, ಊಟದ ಡಬ್ಬಿ, ಮಗಳು ಬಣ್ಣ ಹಚ್ಚಿದ ಒಂದು ಹಾಳೆ. ಎಲ್ಲವನ್ನೂ ಚೀಲಕ್ಕೆ ಹಾಕಿ ಗಿಡದ ಕಡೆ ನೋಡಿದ.

"ಇದರ ಮಾತು ತುಂಬ ಆಡ್ತಿದ್ಲು. ತಗೊಂಡ್ಹೋಗಬಹುದಾ?"

ಗಿಡದಕ್ಕ ಹೂಂ ಎಂದು ತಲೆಯಾಡಿಸಿದಳು. ತುಂಬಿದ ಬಟ್ಟಲು ತುಳುಕದ ಹಾಗೆ ಅವನು ಕುಂಡವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೋದ.

ಅವನು ಹೋದ ಮೇಲೆ ಅವಳು ಪಕ್ಕದ ಮೇಜಿಗೆ ಬಂದಳು. ಎಲೆಗೆ ಕೈ ತಾಗುತ್ತಲೇ ಬಟ್ಟಲೊಳಗೆ ಏನೋ ಕದಲಿತು. ಫೋನಿನ ಬೆಳಕು ಬಿಟ್ಟು ಬಗ್ಗಿ ನೋಡಿದಳು. ಕೂದಲೆಳೆಯಂಥ ಹುಳಗಳು ತಲೆಕೆಳಗಾಗಿ ತೂಗುತ್ತಿದ್ದವು, ಬೆಳಕು ಬಿದ್ದೊಡನೆ ಸುತ್ತಿಕೊಂಡು ತಳಕ್ಕಿಳಿದವು. ಮುಂದಿನ ಮೇಜಿನಲ್ಲೂ ಅದೇ. ಅದರ ಮುಂದಿನದರಲ್ಲೂ. ಅವಳು ಒಂದೊಂದೇ ಕುಂಡ ಎತ್ತಿ ಬಕೆಟ್ಟಿಗೆ ಬಗ್ಗಿಸುತ್ತಾ ಹೋದಳು. ಮೂರನೇ ಮಹಡಿ ಮುಗಿಯುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಬೆನ್ನು ಬಿದ್ದುಹೋಗಿತ್ತು. ನಲವತ್ತೊಂದು ಖಾಲಿಯಾದವು.

ಮನೆಗೆ ಬಂದು ಹೇಳಿದಾಗ ಅಕ್ಕ ಗದರಿದಳು.

"ಬಾಯಿಗೆ ಬೀಗ ಹಾಕ್ಕೋ. ಸೊಳ್ಳೆ ಊರಲ್ಲೆಲ್ಲಾ ಇದೆ. ಯಾವುದು ಎಲ್ಲಿ ಕಚ್ಚಿತು ಅಂತ ಯಾರಿಗೆ ಗೊತ್ತು?"

"ಆ ಕುಂಡ ಅವರ ಮನೇಲಿದೆ ಅಕ್ಕಾ. ಮಗು ಇದೆ ಆ ಮನೇಲಿ."



ಎರಡು ಬಸ್ಸು ಬದಲಿಸಿ, ವಿಳಾಸ ಕೇಳಿಕೊಂಡು ಸಂಜೆಯ ಹೊತ್ತಿಗೆ ಅವಳು ಆ ಮನೆ ಮುಟ್ಟಿದಳು. ಒಂದೇ ಕೋಣೆ, ಹಿಂದೆ ಪಾತ್ರೆ ತೊಳೆಯುವಷ್ಟು ಜಾಗ. ಕುಂಡ ಮಗಳು ಮಲಗುವ ಮಂಚದ ತಲೆದೆಸೆಯ ಕಿಟಕಿಯಲ್ಲಿತ್ತು. ಮಗು ಅದರ ಕೆಳಗೆ ಕೂತು ಬರೆಯುತ್ತಿತ್ತು.

"ಇದರ ನೀರು ಚೆಲ್ಲಬೇಕು," ಅಂದಳು. ಕುಡಿಯಲು ಕೊಟ್ಟ ನೀರೂ ಬೇಡ, ಕೂರುವುದೂ ಬೇಡ ಅಂದಳು. ಕುಂಡವನ್ನು ಎತ್ತಿಕೊಂಡು ನೇರ ಹಿಂದಕ್ಕೆ ಹೋಗಿ ಕಲ್ಲಿನ ಮೇಲೆ ಬೋರಲು ಹಾಕಿದಳು. ಹಿಂದೆಯೇ ಬಂದ ಫೋನಮ್ಮನ ಗಂಡ, ಕಲ್ಲಿನ ತೇವದಲ್ಲಿ ಒದ್ದಾಡುತ್ತಿದ್ದ ಹುಳಗಳನ್ನು ನೋಡಿದ. ಅವನಿಗೆ ಅರ್ಥವಾಗಲು ಹೊತ್ತು ಬೇಕಾಗಲಿಲ್ಲ.

ಅವಳು ಎಲ್ಲ ಹೇಳಿದಳು. ಹದಿನೈದು ದಿನದ ಮಾತು, ತುಂಬ ನೀರು ಹಾಕಿದ್ದು, ಬೋರಲು ಹಾಕದೆ ಓಡಿದ್ದು.

"ಹುಳ ಆಗುತ್ತೆ ಅಂತ ನಿಮಗೆ ಮೊದಲೇ ಗೊತ್ತಿತ್ತು," ಅಂದ ಅವನು.

"ಗೊತ್ತಿತ್ತು. ಹೇಳಿದ್ದೆ. ಆಮೇಲೆ ಸುಮ್ಮನಾದೆ."

"ಅವಳಿಗೆ ಹೇಳಿದ್ರಾ? ಪಕ್ಕದಲ್ಲೇ ಕೂತಿರ್ತಿದ್ಲಲ್ಲ, ಅವಳಿಗೆ ಒಂದು ಮಾತು?"

ಅವಳು ಹೇಳಿರಲಿಲ್ಲ. ಹೇಳಿದ್ದರೆ ಫೋನಮ್ಮ ತಾನೇ ಚೆಲ್ಲಿಕೊಳ್ಳುತ್ತಿದ್ದಳು. ಎರಡು ಕರೆಗಳ ನಡುವೆ ಮುಗಿಯುವ ಕೆಲಸ.

ಅವನು ಕೂಗಾಡಲಿಲ್ಲ. ಕೊಡದಿಂದ ನೀರು ಹೊಯ್ದು ಕಲ್ಲು ತೊಳೆದ. ಆಮೇಲೆ ಮೆಲ್ಲಗೆ ಅಂದ: "ಇಷ್ಟು ದಿನ ಅವಳನ್ನ ಜ್ವರ ತಗೊಂಡ್ಹೋಯ್ತು ಅಂದ್ಕೊಂಡಿದ್ದೆ. ಹೇಗೋ ತಡ್ಕೊಂಡಿದ್ದೆ. ಇನ್ಮೇಲೆ ನಿಮ್ಮ ಮುಖ ಕಾಣುತ್ತೆ ನಂಗೆ. ಗಿಡ ತಗೊಂಡು ಹೊರಡಿ."

ಮರುದಿನ ಅವನು ದೂರು ಕೊಟ್ಟ. ಆರೋಗ್ಯ ಇಲಾಖೆಯ ಇಬ್ಬರು ಕಚೇರಿಗೆ ಬಂದರು. ಅಷ್ಟರಲ್ಲಿ ಬಟ್ಟಲುಗಳೆಲ್ಲ ಒಣಗಿದ್ದವು, ಒಣಗಿಸಿದವಳು ಅವಳೇ. ತಾನು ಕಂಡದ್ದನ್ನು ಅವಳು ಅವರ ಮುಂದೆ ಹೇಳಿದಳು, ಕಾಗದದ ಮೇಲೆ ಸಹಿಯನ್ನೂ ಹಾಕಿದಳು. "ಕಣ್ಣು ಸರಿ ಇಲ್ಲ ಇವಳಿಗೆ," ಅಂದ ಸೂಪರ್‌ವೈಸರ್. ಬಂದವರು ಬರೆದುಕೊಂಡು ಹೋದರು, ತಿರುಗಿ ಬರಲಿಲ್ಲ. ಆ ವಾರವೇ ಅವಳ ಕೆಲಸ ಹೋಯಿತು. ಗಿಡಗಳನ್ನು ಲಾರಿಗೆ ಹೇರಿ ಸಾಗಿಸಿದರು. ಮೇಜುಗಳ ಮೇಲೆ ಪ್ಲಾಸ್ಟಿಕ್ ಗಿಡಗಳು ಬಂದವು, ಎಲ್ಲವೂ ಒಂದೇ ಎತ್ತರ.

ಅವಳು ಒಂದು ಇಸ್ತ್ರಿ ಅಂಗಡಿ ಸೇರಿದಳು. ಎಂಟು ತಿಂಗಳಾದ ಮೇಲೆ ಬಸ್ ನಿಲ್ದಾಣದಲ್ಲಿ ಫೋನಮ್ಮನ ಗಂಡ ಕಂಡ. ಮಗಳು ಅವನ ಕೈ ಹಿಡಿದು ನಿಂತಿದ್ದಳು, ಎತ್ತರವಾಗಿದ್ದಳು. ಅವನು ಗಿಡದಕ್ಕನನ್ನು ನೋಡಿದ, ಗುರುತು ಹಿಡಿದ. ಮುಖ ತಿರುಗಿಸಲಿಲ್ಲ. ಮಗಳನ್ನು ಮಾತ್ರ ಅವಳಿದ್ದ ಬದಿಯಿಂದ ಆಚೆ ಬದಿಗೆ ಸರಿಸಿಕೊಂಡ.

ಬಸ್ಸು ಬಂತು. ಅವರಿಬ್ಬರೂ ಹತ್ತಿದರು. ಅವಳಿಗೂ ಅದೇ ಬಸ್ಸು ಆಗಬೇಕಿತ್ತು. ಅವಳು ಹತ್ತಲಿಲ್ಲ, ಮನೆಯವರೆಗೆ ನಡೆದೇ ಹೋದಳು.