ಹೊಲಿಗೆ ನೋಡಿ ಆರಿಸಿದ ಜಾಕೆಟ್

ಆ ಚೀಟಿಯನ್ನು ನಾನು ಓದಿದ್ದೆ. ಓದಿಯೂ ಬಾಯಿ ಮುಚ್ಚಿಕೊಂಡಿದ್ದೆ. ಮೂರು ವರ್ಷದಿಂದ ನನ್ನ ತಮ್ಮ ಶಿವು ತೊಟ್ಟು ತಿರುಗುತ್ತಿರುವ ಬುಲೆಟ್‌ಪ್ರೂಫ್ ಜಾಕೆಟ್ಟಿನ ಒಳಮಗ್ಗುಲಿನ ಚೀಟಿ ಅದು.

ಶಿವು ಕೊಯಮತ್ತೂರಿನಲ್ಲಿ ಪೊಲೀಸ್. ನಾನು ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಚೆಕಿಂಗ್ ಕೆಲಸದವಳು — ಬಟ್ಟೆ ತಿರುಗಿಸಿ, ಹೊಲಿಗೆ ಎಳೆದು ನೋಡಿ, ಸರಿಯಿಲ್ಲದ್ದನ್ನು ಪಕ್ಕಕ್ಕೆ ಎಸೆಯುವುದು. ಮೇಲಧಿಕಾರಿಗಳು ಅವನ ತಂಡಕ್ಕೆ ಎರಡು ಮಾದರಿ ಜಾಕೆಟ್ ಕೊಟ್ಟು, ತೊಟ್ಟು ನೋಡಿ ಯಾವುದು ಬೇಕೋ ಹೇಳಿ ಅಂದಿದ್ದರಂತೆ. ಈ ಪುಣ್ಯಾತ್ಮ ಎರಡನ್ನೂ ಬೈಕಿಗೆ ಹೇರಿಕೊಂಡು ನೇರ ನಮ್ಮ ಮನೆಗೆ ಬಂದ.

"ಅಕ್ಕಾ, ನೀ ನೋಡಿ ಹೇಳಿದ್ರೆ ಸೆರಿ. ನಮ್ಗೇನ್ ಗೊತ್ತು ತುಣಿ ವಿಷಯ?"

ಬಟ್ಟೆ ವಿಷಯವಂತೆ! ಗುಂಡು ತಡೆಯುವ ವಸ್ತುವನ್ನು ಬನಿಯನ್ ನೋಡುವವಳ ಹತ್ತಿರ ತರುವವನಿಗೆ ಬುದ್ಧಿಯಿಲ್ಲ, ಸರಿ — ನನಗಾದರೂ ಇರಬೇಡವೇ? ಒಂದರೊಳಗೆ ಗಟ್ಟಿ ಫಲಕ, ಹೊರಲಾರದ ಭಾರ, ಅಂಚಿನಲ್ಲಿ ನೂಲು ಕಿತ್ತು ಬಂದಿತ್ತು. ಇನ್ನೊಂದು ಹಗುರ, ಮೆತ್ತಗೆ, ಹೊಲಿಗೆ ಅಂದರೆ ಹೊಲಿಗೆ. ಅಭ್ಯಾಸಬಲ — ನೂಲು ಬಿಟ್ಟಿದ್ದನ್ನು ಪಕ್ಕಕ್ಕೆ ತಳ್ಳಿದೆ. "ಇದ್ನ ಪಾಸ್ ಮಾಡಕಾಗಲ್ಲ. ಈ ಮೆತ್ತಂದೇ ತಗೊ, ಫಿನಿಶಿಂಗ್ ಸೂಪರಾಗೈತೆ." ಅಕ್ಕಪಕ್ಕದವರೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನನ್ನ ಕಾಲು ನೆಲದ ಮೇಲಿರಲಿಲ್ಲ.

ಅವನು ಊಟಕ್ಕೆ ಕೂತಾಗ ಮೆತ್ತನೆಯದನ್ನು ಮಡಚಲು ಹೋದೆ, ಚೀಟಿ ಕಂಡಿತು. ಇದು ಪಿಸ್ತೂಲಿನ ಗುಂಡಿಗೆ ಮಾತ್ರ, ರೈಫಲ್ಲಿನ ಗುಂಡನ್ನು ತಡೆಯುವುದಿಲ್ಲ, ಅದಕ್ಕೆ ಗಟ್ಟಿ ಫಲಕವಿರುವುದೇ ಬೇಕು ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಬನಿಯನ್ನಿನ ಚೀಟಿಯಲ್ಲಿ ಒಂದಕ್ಷರ ತಪ್ಪಿದ್ದರೂ ಹಿಡಿಯುವವಳು ನಾನು — ಅರ್ಥವಾಗಲಿಲ್ಲ ಎನ್ನಲಾರೆ. ಆಗಲೇ ಕೂಗಿ ಹೇಳಬೇಕಿತ್ತು. ಆದರೆ ಅಷ್ಟು ಜನರೆದುರು ಆಡಿದ ಮಾತನ್ನು… ಮಡಚಿಟ್ಟೆ.

ಶಿವು ಹೋಗಿ ಮೆತ್ತನೆಯದೇ ಬೇಕೆಂದ, ತಂಡಕ್ಕೆಲ್ಲ ಅದೇ ಬಂತು. ಅಷ್ಟು ಜನರಲ್ಲಿ ಒಬ್ಬನಾದರೂ ಓದಬಾರದಿತ್ತೇ? — ನೋಡಿ, ಬೇರೆಯವರ ತಲೆಗೆ ಕಟ್ಟುವುದು ಎಷ್ಟು ಸುಲಭ. ಮದುವೆಯಿರಲಿ, ಸೀಮಂತವಿರಲಿ, ಕಂಡವರಿಗೆಲ್ಲ "ನಮ್ಮಕ್ಕ ಸೆಲೆಕ್ಟ್ ಮಾಡಿದ್ದು" ಎಂದು ಶಿವು ಎದೆ ತಟ್ಟಿಕೊಳ್ಳುತ್ತಿದ್ದ. ಸಾಕು ನಿಲ್ಲಿಸೋ ಎಂದು ಎಷ್ಟು ಸಲ ರೇಗಿದ್ದೇನೋ. ಅಕ್ಕನಿಗೆ ನಾಚಿಕೆ ಅಂದುಕೊಳ್ಳುತ್ತಿದ್ದ, ಪೆದ್ದ.

ಮೊನ್ನೆ ಬೆಳಿಗ್ಗೆ ಫೋನ್ ಮಾಡಿದ. ಕಳ್ಳಬಂದೂಕು ಮಾರುವ ಗುಂಪನ್ನು ಹಿಡಿಯಲು ಮರುದಿನ ಹೊರಡಬೇಕು, ಅವರ ಹತ್ತಿರ ರೈಫಲ್ಲು ಇದೆಯಂತೆ. "ಭಯಪಡ್ಬೇಡಕ್ಕಾ, ನೀ ಆರ್ಸಿದ್ದೇ ಹಾಕೊಂಡೋಗ್ತೀನಿ."

ಹೇಳಿಬಿಟ್ಟೆ. ಏನು ಓದಿದೆ, ಯಾವಾಗ ಓದಿದೆ, ಯಾಕೆ ಸುಮ್ಮನಾದೆ — ಎಲ್ಲವನ್ನೂ. ಬೈಯಲಿ ಎಂದು ಕಾದೆ. ಬೈಯಲಿಲ್ಲ. ಕೇಳಿದ: "ನಂಗ್ ಹೇಳ್ದೆ, ಸೆರಿ. ಮಿಕ್ಕ ಹದಿನಾಲ್ಕ್ ಜನಕ್ಕೆ ಯಾರ್ ಹೇಳೋದು?"

ಮಿಕ್ಕವರು! ಮೂರು ವರ್ಷ ನನ್ನ ತಮ್ಮನೊಬ್ಬನ ಎದೆಯನ್ನೇ ನೆನೆದು ಸಂಕಟಪಟ್ಟಿದ್ದೆ. ಅವರಿಗೂ ಅಕ್ಕಂದಿರು ಇರುತ್ತಾರೆ ಎಂಬುದು ಒಮ್ಮೆಯೂ ತಲೆಗೆ ಹೊಳೆದಿರಲಿಲ್ಲ. ಥೂ, ನನ್ನ ಜನ್ಮಕ್ಕೆ.

ಕೆಲಸಕ್ಕೆ ರಜೆ ಹೇಳಿ ಅಂದೇ ಕೊಯಮತ್ತೂರಿನ ಬಸ್ಸು ಹತ್ತಿದೆ. ಠಾಣೆಯಲ್ಲಿ ಹದಿನಾಲ್ಕು ಜನರೂ ಸೇರಿದ್ದರು. ಶಿವುವಿನ ಅಕ್ಕನೆಂದು ನಗುನಗುತ್ತ ವಣಕ್ಕಂ ಹೇಳಿದರು, ಒಬ್ಬ ಓಡಿಹೋಗಿ ಕುರ್ಚಿ ತಂದು ಹಾಕಿದ. ನಾನು ಕೂರಲಿಲ್ಲ. ನಿಂತುಕೊಂಡೇ, ತಮಿಳಿನಲ್ಲಿ, ಮೊದಲಿನಿಂದ ಹೇಳಿದೆ.